ನಿಂಬೆಹಣ್ಣು ತುಳಿದು ಹೊರಟ ಮಾಸ್ಟಡಾನ್

ಬೆಳಿಗ್ಗೆ ಹತ್ತು ಗಂಟೆ ಹದಿನೇಳು ನಿಮಿಷಕ್ಕೆ ಮಾಸ್ಟಡಾನ್ ಹೊರಟಿತು. ಇದು ನನ್ನ ಅಂದಾಜಲ್ಲ, ಕಾರಿಡಾರಿನ ಕ್ಯಾಮೆರಾದಲ್ಲಿ ಬಿದ್ದ ಸಮಯ. ವರ್ಕ್‌ಶಾಪಿನ ಬಾಗಿಲು ತಾನಾಗಿಯೇ ತೆರೆದುಕೊಳ್ಳುತ್ತದೆ. ಹತ್ತು ಸಾವಿರ ವರ್ಷಕ್ಕೂ ಹಿಂದೆ ನಿರ್ನಾಮವಾದ, ಆನೆಯನ್ನು ಹೋಲುವ ಪ್ರಾಣಿಯ ಅಸ್ಥಿಪಂಜರವೊಂದು ಮದುವೆ ಮನೆಗೆ ಬಂದ ದೊಡ್ಡವರ ಹಾಗೆ ನಿಧಾನವಾಗಿ ಹೊರಗೆ ಬರುತ್ತದೆ. ಅದರ ಪಕ್ಕೆಲುಬುಗಳ ಒಳಗೆ ಒಂದು ಬೆಳ್ಳಿ ಭರಣಿ ಹಿಡಿದು ನಿಂತಿರುವ ಬೋಳುತಲೆಯವನು ನಾನು.

ಇಲ್ಲೇ ಅಮೆರಿಕದ ಸುವಾನಿಯಲ್ಲಿರುವ ನಮ್ಮ ಸ್ನೇಹಿತರ ಮಗಳು ಅನನ್ಯ ಈ ವರ್ಷ ಪಳೆಯುಳಿಕೆಗಳನ್ನು ಓದುವುದಕ್ಕೆ ಡರ್ಹಮ್‌ನ ಯೂನಿವರ್ಸಿಟಿಗೆ ಸೇರಿದ್ದಾಳೆ. "ಅಂಕಲ್, ಈ ಜಾಬ್ ರಿಯಲೀ ಹೇಗಿರತ್ತೆ ಅಂತ ಬರೆದು ಕೊಡಿ, ವೆಬ್‌ಸೈಟ್ ಥರ ಬೇಡ" ಅಂದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ಅವಳಮ್ಮ ಓದಿ ಹೇಳುತ್ತಾರೆ. ಎಲ್ಲಿ ನಿಲ್ಲಿಸಿ ನನಗೆ ಫೋನ್ ಮಾಡುತ್ತಾರೆ ಅನ್ನುವುದೂ ನನಗೆ ಗೊತ್ತು.

ನಾನು ಬೆಂಗಳೂರಿನಲ್ಲಿ ಪಶುವೈದ್ಯಕೀಯ ಓದಿ ನಾಲ್ಕು ವರ್ಷ ಹಸು ಎಮ್ಮೆಗಳ ಅಂಗರಚನೆ ಪಾಠ ಮಾಡಿದವನು. ಇಲ್ಲಿಗೆ ಬಂದ ಮೇಲೆ ಬದುಕಿರುವ ಪ್ರಾಣಿಯನ್ನು ಮುಟ್ಟಲು ಬೇರೆ ಲೈಸೆನ್ಸ್ ಬೇಕು ಅಂದರು. ಸತ್ತದ್ದಕ್ಕೆ ಏನೂ ಬೇಕಿರಲಿಲ್ಲ. ವಾಷಿಂಗ್ಟನ್ ಹತ್ತಿರದ ಒಂದು ಸಣ್ಣ ಖಾಸಗಿ ಮ್ಯೂಸಿಯಮ್ಮಿನಲ್ಲಿ, ಅಳಿದುಹೋದ ಪ್ರಾಣಿಗಳ ಮೂಳೆಗಳನ್ನು ಕಬ್ಬಿಣದ ಚೌಕಟ್ಟಿಗೆ ಕೂರಿಸಿ ನಿಲ್ಲಿಸುವ ಕೆಲಸ ಸಿಕ್ಕಿತು. ಮೂವತ್ತು ವರ್ಷ ಅದನ್ನೇ ಮಾಡಿದೆ.

ಮೊದಲ ಮೇಲಧಿಕಾರಿ ನನಗೆ ಕಲಿಸಿದ ಮೊದಲ ವಿದ್ಯೆ ನೆಕ್ಕುವುದು. ಕಲ್ಲು ಯಾವುದು, ಪಳೆಯುಳಿಕೆಯಾದ ಮೂಳೆ ಯಾವುದು ಅನ್ನುವ ಗೊಂದಲ ಬಂದರೆ ನಾಲಿಗೆಗೆ ತಾಗಿಸಬೇಕು. ಮೂಳೆಯಲ್ಲಿ ಸಣ್ಣ ರಂಧ್ರಗಳಿರುವುದರಿಂದ ಅದು ನಾಲಿಗೆಗೆ ಅಂಟಿಕೊಳ್ಳುತ್ತದೆ, ಕಲ್ಲು ಅಂಟುವುದಿಲ್ಲ. ನಮ್ಮ ಮನೆಯಲ್ಲಿ ಎಂಜಲು ಮುಸುರೆ ಅಂತ ಕಟ್ಟುನಿಟ್ಟಾಗಿ ಬೆಳೆದ ನಾನು ಎಷ್ಟು ಜಾತಿಯ ಪ್ರಾಣಿಗಳನ್ನು ನೆಕ್ಕಿದ್ದೇನೆ ಅನ್ನುವುದನ್ನು ನನ್ನ ಹೆಂಡತಿ ಪದ್ಮಳಿಗೆ ಇವತ್ತಿಗೂ ಹೇಳಿಲ್ಲ. ಕೋವಿಡ್ ಬಂದಾಗ ಆಫೀಸಿನಿಂದ ಸುತ್ತೋಲೆ ಬಂತು: ಸಿಬ್ಬಂದಿ ಯಾರೂ ಸಂಗ್ರಹದ ವಸ್ತುಗಳನ್ನು ನೆಕ್ಕತಕ್ಕದ್ದಲ್ಲ. ಅದರ ಕೆಳಗೆ ಎಲ್ಲರೂ ಸಹಿ ಹಾಕಿದೆವು. ಅಲ್ಲಿಗೆ ಒಂದು ಕಾಲ ಮುಗಿಯಿತು, ಸ್ಕ್ಯಾನರ್ ಬಂತು.

ತಪ್ಪುಗಳನ್ನೂ ಹೇಳಬೇಕು. ಒಂದು ಗುಹೆಕರಡಿಯನ್ನು ನಾಲ್ಕು ವರ್ಷ ಎರಡು ಬಲಗಾಲುಗಳ ಮೇಲೆ ನಿಲ್ಲಿಸಿದ್ದೆ. ಪ್ರೊಫೆಸರುಗಳು ಬಂದರು, ಫೋಟೋ ತೆಗೆದುಕೊಂಡರು, ಹೋದರು. ಕಂಡುಹಿಡಿದವನು ಒಬ್ಬ ಶೂ ಅಂಗಡಿಯವನು.

ಈ ಶಾಸ್ತ್ರ ಹುಟ್ಟಿದ್ದೇ ಹಲ್ಲಿನ ಪಕ್ಕ ಹಲ್ಲಿಟ್ಟು ನೋಡಿದ್ದರಿಂದ. ಇನ್ನೂರು ವರ್ಷಕ್ಕೂ ಹಿಂದೆ ಈ ದೇಶದ ನೆಲದಲ್ಲಿ ಆನೆಯಷ್ಟು ದೊಡ್ಡ ಮೂಳೆಗಳು ಸಿಕ್ಕಾಗ, ಆ ಪ್ರಾಣಿ ಇನ್ನೂ ಪಶ್ಚಿಮದ ಕಾಡಿನಲ್ಲಿ ಎಲ್ಲೋ ಮೇಯುತ್ತಿರಬೇಕು ಎಂದೇ ಜನ ನಂಬಿದ್ದರು. ಇದ್ದ ಪ್ರಾಣಿ ಪೂರ್ತಿ ಇಲ್ಲವಾಗುತ್ತದೆ ಅನ್ನುವ ಯೋಚನೆಯೇ ಹೆಚ್ಚಿನವರಿಗೆ ಇರಲಿಲ್ಲ. ಪ್ಯಾರಿಸ್ಸಿನಲ್ಲಿ ಒಬ್ಬ ಪಂಡಿತ ಕೂತು ಹೋಲಿಸಿದ. ನಮ್ಮ ಆನೆಯ ದವಡೆಹಲ್ಲು ಚಪ್ಪಟೆ, ಬೀಸುವ ಕಲ್ಲಿನ ಹಾಗೆ ಗೀರುಗೀರು. ಇದರ ಹಲ್ಲಿನ ಮೇಲೆ ಸಾಲಾಗಿ ಕಡುಬು ಜೋಡಿಸಿದಂತೆ ಗುಬುಟುಗಳು. ಎರಡೂ ಒಂದೇ ಅಲ್ಲ, ಮತ್ತು ಈ ಎರಡನೆಯದು ಭೂಮಿಯ ಮೇಲೆ ಎಲ್ಲೂ ಇಲ್ಲ, ಎಂದ. ಅಷ್ಟೇ. ನೋಡಿದ್ದನ್ನು ನೋಡಿದ ಹಾಗೆ ಹೇಳುವುದೇ ಈ ಕೆಲಸ. ನಾನು ಅದೊಂದನ್ನೇ ಏಳು ವಾರ ಮಾಡಲಿಲ್ಲ.

ಕೋವಿಡ್ ಇಳಿದು ಮ್ಯೂಸಿಯಂ ಮತ್ತೆ ತೆರೆದಾಗ ನಮ್ಮ ನಿರ್ದೇಶಕ ಡಾಕ್ಟರ್ ಪ್ರೆಸ್ಕಾಟ್‌ಗೆ ಒಂದು ಹೊಸ ಪ್ರದರ್ಶನದ ಹುಚ್ಚು ಹಿಡಿಯಿತು: ಹಳೆಯ ವಿದ್ವಾಂಸರ ತಪ್ಪುಗಳು. ಮಾಸ್ಟಡಾನ್ ಸಿಕ್ಕ ಹೊಸದರಲ್ಲಿ ಕೆಲವರು ಅದನ್ನು ಮಾಂಸಾಹಾರಿ ಅಂದುಕೊಂಡು, ಬೇಟೆಯನ್ನು ಕುಕ್ಕುವುದಕ್ಕೆ ಅನುಕೂಲವಾಗಲೆಂದು ದಂತಗಳನ್ನು ನೆಲದ ಕಡೆ ತಿರುಗಿಸಿ ಜೋಡಿಸಿದ್ದರು. ನಮ್ಮ ಮಾಸ್ಟಡಾನನ್ನೂ ಹಾಗೇ ತಪ್ಪಾಗಿ ನಿಲ್ಲಿಸಬೇಕು ಅಂದರು. ಸರಿಯಾಗಿ ನಿಲ್ಲಿಸುವುದನ್ನು ಕಲಿಯಲು ಮೂವತ್ತು ವರ್ಷ ಬೇಕಾದವನಿಗೆ ನಿವೃತ್ತಿಯ ವರ್ಷ ಕೊಟ್ಟ ಕೆಲಸ ಇದು. ದಂತದ ತಪ್ಪು ಎಷ್ಟು ಡಿಗ್ರಿ ಇರಬೇಕು ಎಂದು ಮೂರು ಮೀಟಿಂಗ್ ಆದವು. ಒಂದರಲ್ಲಿ ಪ್ರೆಸ್ಕಾಟ್, "ಇದು ಸಾಕಷ್ಟು ತಪ್ಪಾಗಿಲ್ಲ" ಎಂದು ನನಗೆ ಗದರಿಸಿದರು.

ಇನ್ನೊಂದು ಬದಲಾವಣೆ ಚಕ್ರ. ನಾನು ಸೇರಿದಾಗ ಪ್ರಾಣಿಗಳು ನಿಂತಲ್ಲೇ ನಿಂತಿರುತ್ತಿದ್ದವು. ಈಗ ಮ್ಯೂಸಿಯಮ್ಮಿನ ದೊಡ್ಡ ಹಾಲನ್ನು ಮದುವೆಗೆ ಬಾಡಿಗೆ ಕೊಡಬೇಕಲ್ಲ, ಹಾಗಾಗಿ ದೊಡ್ಡ ದೊಡ್ಡ ಅಸ್ಥಿಪಂಜರಗಳನ್ನೆಲ್ಲ ಗಾಲಿ ಇರುವ ವೇದಿಕೆಗಳ ಮೇಲೆ ಏರಿಸಿದರು. ಮಾಸ್ಟಡಾನಿಗೆ ಆರು ಚಕ್ರ, ಒಂದೊಂದಕ್ಕೂ ಕಾಲಲ್ಲಿ ಒತ್ತುವ ಬ್ರೇಕು, ಜೊತೆಗೆ ಚಕ್ರದ ಮುಂದೆ ಮರದ ಅಡ್ಡಗಟ್ಟೆಗಳು. ಅವನ್ನು ದಿನಾ ಬೆಳಿಗ್ಗೆ ನೋಡಿ ಸಹಿ ಹಾಕುವವನು ವಾಲ್ಟರ್. ಸೌತ್ ಕ್ಯಾರೊಲಿನಾದವನು, ನನ್ನ ವಯಸ್ಸಿನವನೇ, ಒಂದು ವಾಕ್ಯ ಮುಗಿಸುವಷ್ಟರಲ್ಲಿ ಕಾಫಿ ಆರಿಹೋಗುವಷ್ಟು ನಿಧಾನ. ಆದರೆ ಮರೆಗುಳಿಯಲ್ಲ.

ಸಂಗ್ರಹದ ಲೆಕ್ಕಪತ್ರ, ನಿಯಮ ಎಲ್ಲ ನೋಡಿಕೊಳ್ಳುತ್ತಿದ್ದವಳು ಮೈಸೂರಿನ ನಸ್ರೀನ್. ವಯಸ್ಸು ನಲವತ್ತರ ಆಚೆ ಈಚೆ. ನಾನು ಹಿಂದೆ ಪಾಠ ಮಾಡಿದ್ದೆ ಎಂದು ಗೊತ್ತಾದ ದಿನದಿಂದ ನನ್ನನ್ನು ಮೇಷ್ಟ್ರೇ ಅನ್ನುತ್ತಾಳೆ. ಅವಳ ವೀಸಾ, ಗ್ರೀನ್ ಕಾರ್ಡ್ ಅರ್ಜಿ ಎಲ್ಲ ಈ ಕೆಲಸದ ಮೇಲೇ ನಿಂತಿತ್ತು. ಹಣ್ಣು ಹೂವು ಯಾವುದನ್ನೂ ವರ್ಕ್‌ಶಾಪಿಗೆ ತರಬಾರದು, ಹುಳು ಬರುತ್ತದೆ ಅನ್ನುವ ನಿಯಮ ಬರೆದವಳು ಅವಳೇ. ಪ್ರತಿವರ್ಷ ಆಯುಧಪೂಜೆಯ ದಿನ ಮಾತ್ರ ಅವಳ ಕಣ್ಣು ಸ್ವಲ್ಪ ಮಂದವಾಗುತ್ತಿತ್ತು. ನಾನು ಡ್ರಿಲ್ಲು, ಅಳತೆಯ ಕ್ಯಾಲಿಪರ್ರು, ಸ್ಪ್ಯಾನರುಗಳಿಗೆ ಕುಂಕುಮ ಇಟ್ಟು ಕೈಮುಗಿಯುತ್ತಿದ್ದೆ. ಸಿಹಿ ಅವಳು ತರುತ್ತಿದ್ದಳು.

ಆ ವರ್ಷ ನನ್ನ ಕೊನೆಯ ಆಯುಧಪೂಜೆ. ಹಿಂದಿನ ದಿನ ನಸ್ರೀನ್ ವೇದಿಕೆಯ ಚಕ್ರಗಳನ್ನು ನೋಡಿ, "ಮೇಷ್ಟ್ರೇ, ಇದಕ್ಕೂ ವೀಲ್ ಇದೆಯಲ್ಲ. ನಮ್ಮ ಬೀದೀಲಿ ಆಟೋದವರೂ ನಿಂಬೆಹಣ್ಣು ಇಡ್ತಿದ್ರು. ಇದೇನು ಪಾಪ ಮಾಡಿದೆ?" ಅಂದಳು. ತಮಾಷೆಗೆ ಅಂದದ್ದು. ಮಾರನೆಯ ದಿನ ಆರು ನಿಂಬೆಹಣ್ಣು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅವಳೇ ತಂದಳು. ಅಮೆರಿಕದ ಲೆಮನ್, ಒಂದೊಂದೂ ಸಣ್ಣ ಮಾವಿನಕಾಯಿಯಷ್ಟು. "ಚಿಕ್ಕದು ಔಟ್ ಆಫ್ ಸ್ಟಾಕ್ ಮೇಷ್ಟ್ರೇ."

ನಮ್ಮ ಯೋಜನೆ ಸರಳವಾಗಿತ್ತು. ಅಡ್ಡಗಟ್ಟೆ ತೆಗೆಯುವುದು, ನಿಂಬೆಹಣ್ಣು ಇಡುವುದು, ಬ್ರೇಕ್ ಬಿಡುವುದು, ಇಬ್ಬರೂ ಸೇರಿ ಒಂದು ಅಂಗುಲ ನೂಕುವುದು, ಮತ್ತೆ ಬ್ರೇಕ್ ಹಾಕುವುದು. ಇಬ್ಬರೂ ಓದಿದವರು. ವರ್ಕ್‌ಶಾಪಿನ ನೆಲ ನೀರು ಹರಿಯಲೆಂದು ಬಾಗಿಲ ಕಡೆ ಇಳಿಜಾರಾಗಿದೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು.

ಬ್ರೇಕ್ ಬಿಟ್ಟಾಗ ಅದು ಕದಲಲಿಲ್ಲ. ನಿಂಬೆಹಣ್ಣುಗಳೇ ತಡೆದು ನಿಂತಿದ್ದವು. ಅದೇ ಧೈರ್ಯದಲ್ಲಿ ನೂಕುವುದಕ್ಕೆ ಮೊದಲು ಕುಂಕುಮ ಮುಗಿಸೋಣ ಎಂದುಕೊಂಡೆ. ಮೂಳೆಗೆ ಎಂದೂ ಇಡಬಾರದು, ಉಪಕರಣಕ್ಕೆ ಮಾತ್ರ ಅನ್ನುವುದು ಮೂವತ್ತು ವರ್ಷದ ನನ್ನ ನಿಯಮ. ಆ ದಿನ ಯಾಕೋ ಅದರ ಮುಖ ನೋಡಿ ಮನಸ್ಸು ಕರಗಿತು. ಇಡೀ ಅಸ್ಥಿಪಂಜರದಲ್ಲಿ ಕೆಳದವಡೆಯೊಂದೇ ಅಸಲಿ, ಉಳಿದದ್ದೆಲ್ಲ ಅಚ್ಚಿನಲ್ಲಿ ಹೊಯ್ದ ನಕಲು. ಆ ದವಡೆಯ ಒಂದು ಅಸಲಿ ಹಲ್ಲಿಗೇ ಒಂದು ಚಿಟಿಕೆ ಇಟ್ಟೆ. ಆಮೇಲೆ ನಾನೇ ಬೆಸುಗೆ ಹಾಕಿದ್ದ ಬೆನ್ನಿನ ಕಬ್ಬಿಣದ ಕೀಲಿಗೆ ಇಡೋಣ ಎಂದು ವೇದಿಕೆ ಹತ್ತಿ ಹೊಟ್ಟೆಯ ಕೆಳಗಿನಿಂದ ನುಸುಳಿ ಪಕ್ಕೆಲುಬುಗಳ ಒಳಗೆ ನಿಂತೆ.

ಆರು ನಿಂಬೆಹಣ್ಣು ಒಂದು ಮಾಸ್ಟಡಾನನ್ನು ಸುಮಾರು ಎರಡು ನಿಮಿಷ ಹಿಡಿದು ನಿಲ್ಲಿಸಬಲ್ಲವು. ಇದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಮೊದಲು ಒಂದು ಪಿಚಕ್ ಶಬ್ದ, ಆಮೇಲೆ ಒಟ್ಟಿಗೇ ಐದು. ಘಮ್ಮೆಂದು ವಾಸನೆ ಬಂತು. ಪೂಜೆ ಸಾಂಗವಾಗಿ ಆಯಿತು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಗೋಡೆ ಹಿಂದಕ್ಕೆ ಹೋಗತೊಡಗಿತು.

ವೇಗ ಹೆಚ್ಚಿರಲಿಲ್ಲ. ಅದೇ ಭಯಂಕರ. ಇಳಿದುಬಿಡಬಹುದು ಅನ್ನಿಸುತ್ತದೆ, ಆದರೆ ಚಲಿಸುತ್ತಿರುವ ಪಕ್ಕೆಲುಬುಗಳ ನಡುವಿನಿಂದ ಇಳಿದರೆ ಹಿಂದಿನ ಚಕ್ರ ಮೈಮೇಲೆ ಹಾಯುತ್ತದೆ. ನಸ್ರೀನ್ ಬಾಲದ ಮೂಳೆ ಹಿಡಿದು ಎಳೆಯುತ್ತ, "ನಿಲ್ಲು, ನಿಲ್ಲು, ಹೇಳ್ತಾ ಇದೀನಿ" ಎಂದು ಅದಕ್ಕೆ ಕನ್ನಡದಲ್ಲೇ ಬೈಯುತ್ತ ಬರುತ್ತಿದ್ದಳು. ಅದು ಕೇಳಲಿಲ್ಲ. ಕಾರಿಡಾರ್ ಕೂಡ ಇಳಿಜಾರು. ಬಾಗಿಲುಗಳೆಲ್ಲ ಗಾಲಿಕುರ್ಚಿಯವರಿಗೆಂದು ಮಾಡಿಸಿದವು, ಹತ್ತಿರ ಬಂದರೆ ವಿನಯದಿಂದ ತೆರೆದುಕೊಳ್ಳುತ್ತವೆ. ದೊಡ್ಡ ಹಾಲಿನಲ್ಲಿ ಪ್ರೆಸ್ಕಾಟ್ ಟ್ರಸ್ಟಿಗಳಿಗೆ, ಒಂದು ಕಾಲದಲ್ಲಿ ಈ ಪ್ರಾಣಿ ಇನ್ನೂ ಜೀವಂತ ಓಡಾಡುತ್ತಿದೆ ಎಂದು ಜನ ನಂಬಿದ್ದರು ಎಂದು ವಿವರಿಸುತ್ತಿದ್ದರು. ನಾವು ಅವರ ಹಿಂದಿನಿಂದ ಹಾದುಹೋದೆವು. ಒಬ್ಬ ಟ್ರಸ್ಟಿ ಚಪ್ಪಾಳೆ ತಟ್ಟಿದರು. ನಾನು ಅಭ್ಯಾಸಬಲದಿಂದ ತಲೆಬಾಗಿದೆ.

ಹಾಲಿನ ಆಚೆ ತುದಿಯಲ್ಲಿ ಕೆಳಗೆ ಇಳಿಯುವ ಮೆಟ್ಟಿಲುಗಳು. ಆ ಮೆಟ್ಟಿಲುಗಳ ಮೇಲೆ ಎರಡನೇ ಕ್ಲಾಸಿನ ಮಕ್ಕಳು ಸಾಲಾಗಿ ಕೂತು ಸ್ನ್ಯಾಕ್ ತಿನ್ನುತ್ತಿದ್ದರು.

ಇಲ್ಲಿಂದ ಮುಂದಿನದನ್ನು ಇವತ್ತಿಗೂ ನನ್ನ ತಲೆ ಮತ್ತೆ ಮತ್ತೆ ಓಡಿಸುತ್ತದೆ. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಕ್ಯಾಮೆರಾದಲ್ಲಿ ಶಬ್ದ ಇಲ್ಲ, ಬಾಯಿ ಮಾತ್ರ ತೆರೆದಿದೆ. ಮಕ್ಕಳ ತಲೆಗಳು, ಬಣ್ಣಬಣ್ಣದ ಡಬ್ಬಿಗಳು, ಒಂದು ಮಗು ಸಿಪ್ಪೆ ಸುಲಿಯುತ್ತಿದ್ದ ಕಿತ್ತಳೆ. ಎರಡು ಕಾರಿನಷ್ಟು ಭಾರದ ಕಬ್ಬಿಣವೂ ಮೂಳೆಯೂ, ನನ್ನನ್ನು ಒಳಗಿಟ್ಟುಕೊಂಡು, ಅವರ ಮೇಲೆ ಇಳಿಯಲು ಹತ್ತು ಅಡಿ ಇತ್ತು, ಆರು ಅಡಿ ಇತ್ತು.

ಆಗ ಕೆಳಕ್ಕೆ ತಿರುಗಿಸಿದ್ದ ದಂತಗಳು ಮೆಟ್ಟಿಲಿನ ಅಂಚಿಗೆ ಹೊಡೆದಿದ್ದ ಹಿತ್ತಾಳೆ ಪಟ್ಟಿಗೆ ಸಿಕ್ಕಿಕೊಂಡವು. ಮಾಸ್ಟಡಾನ್ ಮುಗ್ಗರಿಸಿದಂತೆ ಬಾಗಿ ನಿಂತಿತು. ದಂತಗಳು ಸರಿಯಾಗಿ ಮುಂದಕ್ಕೆ, ಮೇಲಕ್ಕೆ ಬಾಗಿದ್ದರೆ ಗಾಳಿಯಲ್ಲೇ ಹೋಗುತ್ತಿದ್ದವು. ಇನ್ನೂರು ವರ್ಷ ಎಲ್ಲರೂ ನಕ್ಕ ಒಂದು ತಪ್ಪು ಆ ಮಕ್ಕಳನ್ನೂ ನನ್ನನ್ನೂ ಉಳಿಸಿತು.

ಕುಂಕುಮ ಇಟ್ಟಿದ್ದ ಅಸಲಿ ಹಲ್ಲು ಮಾತ್ರ ಕಳಚಿ ಕೆಳಗೆ ಉರುಳಿತು. ಹದಿನಾಲ್ಕು ಮೆಟ್ಟಿಲು, ಟಕ್ ಟಕ್ ಎಂದು ಒಂದೊಂದಾಗಿ, ಮಕ್ಕಳ ನಡುವೆ. ಯಾರಿಗೂ ತಾಗಲಿಲ್ಲ. ಒಂದು ಹುಡುಗಿ, ನಮ್ಮ ಕಡೆಯದೇ ಮುಖ, ಮೇಲೆ ನೋಡಿ ಶಾಂತವಾಗಿ ಕೇಳಿತು, "ಅಂಕಲ್, ಆರ್ ಯು ಸ್ಟಕ್?"

ಏನಾಯಿತು ಎಂದು ಕೇಳಿದಾಗ, ಬೆನ್ನಿನ ಕೀಲಿನ ಹತ್ತಿರ ಇದ್ದೆ, ಅದು ಹೊರಟಿತು ಅಂದೆ. ಎರಡೂ ನಿಜ. ಕೈಯಲ್ಲಿದ್ದ ಭರಣಿಯನ್ನು ಗ್ರೀಸ್ ಡಬ್ಬಿ ಅಂದುಕೊಂಡರು. ನಿಂಬೆಯ ವಾಸನೆಯನ್ನು ನೆಲ ಒರೆಸುವ ದ್ರವದ್ದು ಅಂದುಕೊಂಡರು. ನಜ್ಜುಗುಜ್ಜಾದ ಸಿಪ್ಪೆಗಳನ್ನು ನಸ್ರೀನ್ ಅಷ್ಟರಲ್ಲಿ ಚೀಲಕ್ಕೆ ತುಂಬಿದ್ದಳು. ವರ್ಕ್‌ಶಾಪಿನ ಒಳಗೆ ಕ್ಯಾಮೆರಾ ಇರಲಿಲ್ಲ. ಉಳಿದದ್ದು ಒಂದೇ ವಿವರಣೆ: ಬ್ರೇಕು. ಬೆಳಿಗ್ಗೆ ಬ್ರೇಕಿಗೆ ಸಹಿ ಹಾಕಿದ್ದವನು ವಾಲ್ಟರ್. ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರು ಎಂದು ಅವನಿಗೆ ಪತ್ರ ಕೊಟ್ಟರು.

ನಾನು ಸುಮ್ಮನಿದ್ದೆ. ಬಾಯಿ ಬಿಟ್ಟರೆ ನಸ್ರೀನಳ ಕೆಲಸ, ಅದರ ಹಿಂದೆ ವೀಸಾ, ಅದರ ಹಿಂದೆ ಸ್ಕೂಲಿಗೆ ಹೋಗುವ ಇಬ್ಬರು ಮಕ್ಕಳು. ನಸ್ರೀನ್ ಸುಮ್ಮನಿದ್ದಳು, ನಿವೃತ್ತಿಯ ಹೊಸ್ತಿಲಲ್ಲಿರುವ ಮೇಷ್ಟ್ರ ಹೆಸರು ಕೆಡಬಾರದೆಂದು. ಇದನ್ನು ನಾವು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಇಬ್ಬರೂ ತ್ಯಾಗ ಮಾಡುತ್ತಿದ್ದೆವು, ಅನುಭವಿಸುತ್ತಿದ್ದವನು ವಾಲ್ಟರ್.

ನಿದ್ದೆ ಹಾರಿಹೋಯಿತು. ಮಲಗಿದರೆ ಮಂಚ ಹೊರಡುತ್ತಿತ್ತು. ಹದಿನಾಲ್ಕು ಟಕ್ ಎಣಿಸಿ ಎದ್ದು ಕೂರುತ್ತಿದ್ದೆ. ಒಮ್ಮೆ ಎರಡೂ ಕೈಯಲ್ಲಿ ಪದ್ಮಳ ತೋಳು ಹಿಡಿದು ಬ್ರೇಕ್ ಹಾಕಿದೆನಂತೆ. ಅವಳು ದಿಂಬು ತೆಗೆದುಕೊಂಡು ಮಗಳ ರೂಮಿಗೆ ಹೋದಳು.

ಪೆಟ್ಟಿಗೆಯಲ್ಲಿಟ್ಟಿದ್ದ ತನ್ನ ಸಾಮಾನು ತೆಗೆದುಕೊಳ್ಳಲು ವಾಲ್ಟರ್ ಒಂದು ದಿನ ಬಂದಿದ್ದ. ನನ್ನ ಹತ್ತಿರ ಬಂದು, ತನ್ನ ನಿಧಾನದಲ್ಲಿ, "ಲಾಕ್ ಮಾಡಿದ್ದೆ ಅಂತಲೇ ನೆನಪು. ಆದರೆ ನನ್ನ ಅಪ್ಪನಿಗೂ ಕೊನೆಗೆ ಹೀಗೇ ಆಗಿತ್ತು. ಮಾಡಿದ್ದೇನೆ ಅನ್ನುತ್ತಿದ್ದ, ಮಾಡಿರುತ್ತಿರಲಿಲ್ಲ" ಅಂದ. ಮೆದುಳಿನ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದನಂತೆ. ನಾನು ಅವನ ಪೆಟ್ಟಿಗೆಯನ್ನು ಕಾರಿನವರೆಗೆ ಹೊತ್ತುಕೊಟ್ಟೆ. ಅಷ್ಟು ಮಾಡಿದೆ.

ಬಿರುಕು ಬಿಟ್ಟಿದ್ದ ಹಲ್ಲನ್ನು ಡರ್ಹಮ್‌ನ ಒಂದು ಲ್ಯಾಬಿಗೆ ಕಳಿಸಿದ್ದರು. ಏಳನೇ ವಾರ ಅಲ್ಲಿನ ತಜ್ಞ ಡಾಕ್ಟರ್ ಲಿಂಡ್ ಅವರಿಂದ ಪ್ರೆಸ್ಕಾಟ್‌ಗೆ ಮೇಲ್ ಬಂತು. ಹಲ್ಲಿನ ಸಂದಿನಲ್ಲಿ ಕೆಂಪು ಪುಡಿ ಇದೆ, ಬಹುಶಃ ಕಾವಿಮಣ್ಣು. ಹೆಚ್ಚಿನ ಪರೀಕ್ಷೆಗೆ ಯಂತ್ರದ ಸರದಿ ಬರಬೇಕು, ಆದರೆ ಆದಿಮಾನವರು ಈ ಪ್ರಾಣಿಯನ್ನು ಪೂಜಿಸಿದ್ದಕ್ಕೆ ಇದು ಕುರುಹಾಗಿರಬಹುದು. ಪ್ರೆಸ್ಕಾಟ್ ಸರದಿ ಬರುವವರೆಗೂ ಕಾಯುವವರಲ್ಲ. ಹೊಸ ಫಲಕ ಬರೆಯಲು ಶುರು ಮಾಡಿದರು, ಪತ್ರಿಕೆಯವರಿಗೆ ಫೋನ್ ಮಾಡುವ ಮಾತಾಡಿದರು.

ನಾನು ಮೇಲ್ ಓದಿ ತಲೆ ಎತ್ತಿದೆ. ಎದುರಿನ ಮೇಜಿನಲ್ಲಿ ನಸ್ರೀನ್ ಆಗಲೇ ಕೋಟು ಹಾಕಿಕೊಳ್ಳುತ್ತಿದ್ದಳು. "ಕಾರ್ ನಾನು ಡ್ರೈವ್ ಮಾಡ್ತೀನಿ ಮೇಷ್ಟ್ರೇ. ನೀವು ಮಾಡಿದ್ರೆ ನಾವು ನಾಳೆ ತಲುಪೋದು."

ಐದು ಗಂಟೆಯ ದಾರಿ. ಯಾರಿಗಾಗಿ ಯಾರು ಸುಮ್ಮನಿದ್ದೆವು ಅನ್ನುವುದು ವರ್ಜೀನಿಯಾ ದಾಟುವಾಗ ಹೊರಗೆ ಬಂತು. ನಸ್ರೀನ್ ಮುಂದಿದ್ದ ಟ್ರಕ್ ಒಂದನ್ನು ದಾಟಿದಳು. ಆಮೇಲೆ, "ಇಷ್ಟು ಓದಿ ಏನು ಬಂತು ನಮಗೆ" ಅಂದಳು. ದಾರಿಯಲ್ಲಿ ಒಂದು ಕಡೆ ಇಳಿದು ಏನನ್ನೋ ಕೊಂಡು ಪರ್ಸಿಗೆ ಹಾಕಿಕೊಂಡಳು.

ಡಾಕ್ಟರ್ ಲಿಂಡ್ ಒಳ್ಳೆಯ ಮನುಷ್ಯ. ಹಲ್ಲನ್ನು ಭೂತಗನ್ನಡಿಯ ಕೆಳಗಿಟ್ಟು ನಮಗೆ ತೋರಿಸಿದರು. ಯಾರೋ ಬಲಗೈ ಉಂಗುರದ ಬೆರಳಿನಿಂದ, ಭಕ್ತಿಯಿಂದ ಇಟ್ಟಿದ್ದಾರೆ, ಪೂಜೆ ನಡೆದಿದೆ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ, ಎಂದರು. ಅಕ್ಷರಶಃ ಸರಿ. ಬೆರಳು ಕೂಡ ಸರಿ. ತಪ್ಪಿದ್ದು ಹತ್ತು ಸಾವಿರ ವರ್ಷ ಮಾತ್ರ.

ನಾನು ಜೇಬಿನಿಂದ ಕುಂಕುಮದ ಭರಣಿ ತೆಗೆದು ಹಲ್ಲಿನ ಪಕ್ಕ ಇಟ್ಟೆ. ಪ್ಯಾರಿಸ್ಸಿನ ಆ ಪಂಡಿತ ಮಾಡುತ್ತಿದ್ದದ್ದೂ ಇಷ್ಟೇ ತಾನೆ, ಒಂದರ ಪಕ್ಕ ಒಂದು. ಲಿಂಡ್‌ಗೆ ಅರ್ಥವಾಗಲಿಲ್ಲ. ಆಗ ನಸ್ರೀನ್ ಪರ್ಸಿನಿಂದ ಒಂದು ನಿಂಬೆಹಣ್ಣು ತೆಗೆದಳು.

ನಮ್ಮ ಕುಂಕುಮ ಮೈಸೂರಿನಲ್ಲಿ ಪದ್ಮಳ ಅಕ್ಕ ಅರಿಶಿನಕ್ಕೆ ಸುಣ್ಣ ಬೆರೆಸಿ ಮನೆಯಲ್ಲೇ ಮಾಡಿದ್ದು. ಓಕುಳಿ ನೀರಿಗೆ ನಿಂಬೆ ಹಿಂಡಿದರೆ ಏನಾಗುತ್ತದೆ ಅನ್ನುವುದು ನಮ್ಮ ಮನೆಗಳಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಲಿಂಡ್ ಅವರ ಅಪ್ಪಣೆ ಕೇಳಿ, ಅವರೇ ಹಲ್ಲಿನಿಂದ ಒಂದು ಕಣ ಕೆರೆದು ಗಾಜಿನ ಮೇಲೆ ಹಾಕಿದ ಮೇಲೆ, ನಸ್ರೀನ್ ಒಂದು ಹನಿ ಹಿಂಡಿದಳು. ಆದಿಮಾನವರ ಕೆಂಪು ನಿಧಾನವಾಗಿ ಹಳದಿಗೆ ತಿರುಗಿತು.

ಲಿಂಡ್ ಭೂತಗನ್ನಡಿ ಪಕ್ಕಕ್ಕಿಟ್ಟರು. "ಇದನ್ನು ಇಟ್ಟವರು ಯಾರು?" ಎಂದರು.

"ಕುಂಕುಮ ನಾನು" ಅಂದೆ.

"ನಿಂಬೆಹಣ್ಣು ನಾನು" ಅಂದಳು ನಸ್ರೀನ್. "ಆರೂ."

ಅಲ್ಲಿಂದಲೇ ಪ್ರೆಸ್ಕಾಟ್‌ಗೆ ಫೋನ್ ಮಾಡಿ, ವಾಲ್ಟರ್ ಬ್ರೇಕ್ ಹಾಕಿದ್ದ, ಬಿಟ್ಟವನು ನಾನು ಎಂದು ಹೇಳಿದೆ. ಯಾಕೆ ಎಂದು ಕೇಳಿದರು. ಅಪಘಾತ ಆಗದಿರಲಿ ಅಂತ, ಅಂದೆ. ಆ ಕಡೆಯಿಂದ ಒಂದು ಸದ್ದು ಬಂತು. ಕೆಮ್ಮೋ ನಗುವೋ ಇವತ್ತಿಗೂ ಗೊತ್ತಿಲ್ಲ.

ನನ್ನನ್ನು ಎರಡು ತಿಂಗಳು ಮುಂಚೆಯೇ, ಬೀಳ್ಕೊಡುಗೆ ಕೇಕಿಲ್ಲದೆ ನಿವೃತ್ತಿ ಮಾಡಿದರು. ನ್ಯಾಯ. ನಸ್ರೀನಳಿಗೆ ಎಚ್ಚರಿಕೆಯ ಪತ್ರ ಕೊಟ್ಟು ಕೆಲಸದಲ್ಲಿ ಉಳಿಸಿಕೊಂಡರು. ಹಣ್ಣಿನ ನಿಯಮವನ್ನು ಅವಳಿಂದಲೇ ಮತ್ತೆ ಬರೆಸಿದರು, ಈ ಸಲ ನಿಂಬೆಹಣ್ಣನ್ನು ಹೆಸರಿಸಿ. ವಾಲ್ಟರನನ್ನು ವಾಪಸ್ ಕರೆದರು. ನಾನು ಅವನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ಬಾಗಿಲಲ್ಲೇ ನಿಂತು ಕೇಳಿದ.

"ಹಾಗಾದರೆ ನಾನು ಲಾಕ್ ಮಾಡಿದ್ದೆ" ಅಂದ.

"ಮಾಡಿದ್ದೆ."

"ಏಳು ವಾರ ನನಗೆ ತಲೆ ಕೆಟ್ಟಿದೆ ಅಂದುಕೊಳ್ಳುವುದಕ್ಕೆ ಬಿಟ್ಟೆ ನೀನು." ಅಷ್ಟು ಹೇಳಿ ಬಾಗಿಲು ಹಾಕಿಕೊಂಡ. ಜೋರಾಗಿ ಕೂಡ ಹಾಕಲಿಲ್ಲ.

ಸತ್ಯ ಹೇಳಿದರೆ ನಿದ್ದೆ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬರಲಿಲ್ಲ. ಚಳಿಗಾಲ ಕಳೆಯಿತು, ಬೇಸಿಗೆಯೂ ಕಳೆಯಿತು, ಗೈದರ್ಸ್‌ಬರ್ಗಿನ ನಮ್ಮ ಮನೆಯ ಮಂಚ ದಿನಾ ಮೆಟ್ಟಿಲ ಕಡೆ ಹೊರಡುತ್ತಲೇ ಇತ್ತು.

ಮುಂದಿನ ವರ್ಷ ಆಯುಧಪೂಜೆಯ ಮಧ್ಯಾಹ್ನ ಮನೆಯ ಮುಂದೆ ವಾಲ್ಟರನ ಟ್ರಕ್ ಬಂದು ನಿಂತಿತು. ಪಕ್ಕದಲ್ಲಿ ನಸ್ರೀನ್ ಕೂತಿದ್ದಳು. ಅವನು ಇಳಿದು, ಬಟ್ಟೆಯಲ್ಲಿ ಸುತ್ತಿದ್ದ ಭಾರವಾದದ್ದೊಂದನ್ನು ನನ್ನ ಕೈಗಿಟ್ಟ. ಮಾಸ್ಟಡಾನಿನ ಚಕ್ರ. ಅದರ ಸಂದಿನಲ್ಲಿ ಒಣಗಿದ ನಿಂಬೆಬೀಜವೊಂದು ಇನ್ನೂ ಸಿಕ್ಕಿಕೊಂಡಿತ್ತು.

"ಆರೂ ಕಿತ್ತೆ" ಅಂದ. "ನೆಲಕ್ಕೆ ಬೋಲ್ಟ್ ಹಾಕಿದ್ದೇನೆ. ಬಂದು ನೋಡು."

ಹೋದೆ. ಪ್ರೆಸ್ಕಾಟ್ ಮೇಲಿನ ಕೋಣೆಯಿಂದ ನೋಡಿಯೂ ನೋಡದಂತೆ ಇದ್ದರು. ಮಾಸ್ಟಡಾನ್ ಹಾಲಿನ ನಡುವೆ, ದಂತಗಳನ್ನು ಈಗಲೂ ಕೆಳಕ್ಕೇ ಮಾಡಿಕೊಂಡು ನಿಂತಿತ್ತು. ಮುಂದಿನ ಕಾಲಿಗೆ ಹೆಗಲು ಕೊಟ್ಟು ಶಕ್ತಿಮೀರಿ ನೂಕಿದೆ. ಹಿಂದಕ್ಕೆ ಹೋಗಿ ನೂಕಿದೆ. ಮ್ಯೂಸಿಯಂ ನೋಡಲು ಬಂದವರು ನಿಂತು ನೋಡಿದರು. ವಾಲ್ಟರ್ ಕೈಕಟ್ಟಿ ಕಾಯುತ್ತಿದ್ದ, ಸಾಕು ಎಂದು ಹೇಳಲಿಲ್ಲ. ನಸ್ರೀನ್ ಕಂಪ್ಯೂಟರಿನಲ್ಲಿ ಹಲ್ಲಿನ ದಾಖಲೆ ತೆರೆದು ತೋರಿಸಿದಳು. ಜಾತಿ, ಸಿಕ್ಕ ಜಾಗ, ಬಿರುಕು, ಎಲ್ಲದರ ಕೆಳಗೆ ಅವಳೇ ಸೇರಿಸಿದ ಒಂದು ಸಾಲು: ಸಂದಿನಲ್ಲಿ ಕೆಂಪು ಪುಡಿ, ಕುಂಕುಮ, ಇಟ್ಟವರು ಸಿಬ್ಬಂದಿ, ತೆಗೆಯಲಾಗಿಲ್ಲ.

ಮನೆಗೆ ಬಂದು ಚಕ್ರವನ್ನು ಹೊಸ್ತಿಲ ಒಳಗಿಟ್ಟೆ. ಪದ್ಮ ಅದನ್ನು ನೋಡಿ ಒಂದು ಚಿಟಿಕೆ ಕುಂಕುಮ ಇಟ್ಟಳು. ಊಟ ಮಾಡಿ ಮಲಗಿದೆ. ಮಂಚ ಎಲ್ಲೂ ಹೋಗಲಿಲ್ಲ.

ಎದ್ದಾಗ ಕಿಟಕಿಯಲ್ಲಿ ಬಿಸಿಲು ಬಂದಿತ್ತು. ಪದ್ಮ ಮಂಚದ ಪಕ್ಕ ಬಗ್ಗಿ, ನನ್ನ ಮೂಗಿನ ಕೆಳಗೆ ಬೆರಳು ಹಿಡಿದು ನಿಂತಿದ್ದಳು. ಏಳೂವರೆ ಆದರೂ ಸದ್ದಿಲ್ಲವಲ್ಲ ಎಂದು ಗಾಬರಿಯಾಗಿತ್ತಂತೆ. ನಾನು ಕಣ್ಣುಬಿಟ್ಟಿದ್ದನ್ನು ನೋಡಿ ಬೆರಳು ತೆಗೆದು, ಕಾಫಿಗೆ ನೀರಿಡಲು ಹೋದಳು.